ಲೂ ಮಾಮ ಅದಲುಬದಲು ಮಾಡಿದ ಎರಡು ಪಟ

ಅದಕ್ಕೇ ಹೇಳಿದ್ದು, ಟಾವ್ ರೂಶಾನ್ ಬರೆದ ಪದ್ಯವನ್ನು ಮೊದಲೇ ಪೂರ್ತಿ ಓದಬೇಡಿ, ಬರೀ ಸಾಲುಗಳ ತಲೆ ನೋಡಿ ಅಂತ. ಶಾವ್‌ಶಿಂಗ್ ಕಡೆಯ ನಮ್ಮ ಕಾಲುವೆ ಊರಲ್ಲಿ ಮದುವೆಯಾದರೂ, ಹೊಸ ಅಂಗಡಿಯಾದರೂ ಅವರ ಕೈಬರಹ ಬೇಕೇ ಬೇಕಿತ್ತು. ಸಾಲುಗಳ ಮೊದಲ ಅಕ್ಷರ ಕೂಡಿಸಿದರೆ ಮದುಮಗಳ ಹೆಸರು ಇಣುಕುತ್ತಿತ್ತು. ನಮ್ಮಲ್ಲಿ ಒಂದೊಂದು ಅಕ್ಷರವೂ ಒಂದೊಂದು ಮಾತಲ್ಲವೇ, ಮನಸ್ಸಿನಲ್ಲಿರುವುದನ್ನೂ ಅಡಗಿಸಬಹುದು. ಒಮ್ಮೆ ಅವರು ತಮ್ಮ ಮನಸ್ಸನ್ನೇ ಅಡಗಿಸಿದ್ದರು.

ಆಗಿನ್ನೂ ರೂಶಾನನಿಗೆ ಹರೆಯ. ಮುಚ್ಚಿದ್ದ ಚಹಾದಂಗಡಿಗಳು ಮತ್ತೆ ಬಾಗಿಲು ತೆರೆಯುತ್ತಿದ್ದ ಕಾಲ. ಸೇತುವೆ ಪಕ್ಕದ ಲೂ ಮಾಮನ ಅಂಗಡಿಯಲ್ಲಿ ಮಗಳು ಚಿಯಾವ್ಯುನ್ ಚಹಾ ಸುರಿಯುತ್ತಿದ್ದಳು. ಅವಳೆಂದರೆ ರೂಶಾನನಿಗೆ ಜೀವ, ಬಾಯಿಬಿಟ್ಟು ಹೇಳಲಾರ. ಅಷ್ಟರಲ್ಲಿ ಅವನಿಗೆ ಹಾಂಗ್‌ಝೌ ಮುದ್ರಣಾಲಯದಿಂದ ಕೆಲಸದ ಕರೆ ಬಂತು. ಅವಳನ್ನು ನೋಡಲು ದೋಣಿ ಮಾಲೀಕನ ಮನೆಯವರು ಬರುತ್ತಾರೆಂಬ ಸುದ್ದಿಯೂ ಬಂತು.

ಅದೇ ವಾರ ಲೂ ಮಾಮ ಕರೆದ.

"ಏ ರೂಶಾನ್, ಗೋಡೆ ಬೋಳಾಗಿದೆ ಕಣೋ. ಚಹಾ ಮೇಲೆ ನಾಲ್ಕು ಸಾಲು ಬರ್ಕೊಡು. ಚೆನ್ನಾಗಿದ್ರೆ ಬೇಯಿಸಿದ ಕಾಳು ಪುಕ್ಕಟೆ."

"ಚೆನ್ನಾಗಿಲ್ದಿದ್ರೆ ಮಾಮ?"

"ಚಹಾನೂ ಇಲ್ಲ."

ಉದ್ದನೆಯ ನಾಲ್ಕು ಕಾಗದದ ಪಟ, ಒಂದೊಂದಕ್ಕೂ ಒಂದೊಂದು ಸಾಲು. ಬಲದಿಂದ ಎಡಕ್ಕೆ ಅವುಗಳ ತಲೆಯಲ್ಲಿದ್ದದ್ದು ಹೀಗೆ: ಬೇಡ, ಮದುವೆ, ಕಾಯುವುದು, ನಾನು. ಅಂದರೆ, ಮದುವೆ ಬೇಡ, ನನಗಾಗಿ ಕಾಯುತ್ತಿರು. ಚಿಯಾವ್ಯುನ್ ಯಾವ ಪದ್ಯ ಕಂಡರೂ ಮೊದಲು ತಲೆಯನ್ನೇ ಓದುವವಳು ಅಂತ ಅವನಿಗೆ ಗೊತ್ತಿತ್ತು.

ಒಳಗೊಂದು ಮಾತು ಅಡಗಿದೆ ಅಂತ ಗೊತ್ತಿಲ್ಲದವನು ಲೂ ಮಾಮ. ಎರಡನೆಯ ಪಟಕ್ಕೆ ಒಲೆಯ ಹೊಗೆ ತಾಗುತ್ತದೆ, ಅದರ ಅಂಚು ನಾಜೂಕು ಅಂತ ಅದನ್ನು ಮೂರನೆಯದರ ಜಾಗಕ್ಕೆ ಹಾಕಿ, ಮೂರನೆಯದನ್ನು ಒಲೆಯ ಪಕ್ಕಕ್ಕೆ ಅಂಟಿಸಿದ. ನಾಲ್ಕೂ ಚಹಾದ ಹೊಗಳಿಕೆಯೇ, ಯಾವುದು ಎಲ್ಲಿದ್ದರೇನು ಅಂದುಕೊಂಡ.

ಮರುದಿನ ಬೆಳಗ್ಗೆ ರೂಶಾನ್ ಗಂಟು ಹಿಡಿದು ದೋಣಿಕಟ್ಟೆಯಲ್ಲಿ ನಿಂತಿದ್ದಾಗ ಚಿಯಾವ್ಯುನ್ ಒದ್ದೆ ಕೈಯಲ್ಲೇ ಓಡಿಬಂದಳು.

"ಎಲ್ಲಿಗೆ ಸವಾರಿ?"

"ಹಾಂಗ್‌ಝೌಗೆ. ನೀನು ಗೋಡೆ ನೋಡ್ಲಿಲ್ವಾ?"

"ನೋಡಿದ್ದಕ್ಕೇ ಬಂದೆ. ದೋಣಿ ಮಾಲೀಕ್ರ ಮನೆಯವ್ರಿಗೆ ಬರ್ಬೇಡಿ ಅಂತ ಹೇಳಿಕಳಿಸಾಯ್ತು. 'ಕಾಯೋದು ಬೇಡ, ನನ್ನ ಮದ್ವೆಯಾಗು' ಅಂತ ಊರೆದುರು ಬರ್ದು, ಈಗ ನೀನೇ ಓಡ್ಹೋಗ್ತಿದೀಯಲ್ಲ ರೂಶಾನ್, ನಾಚ್ಕೆ ಆಗಲ್ವಾ?"

ಎರಡು ಪಟ ಜಾಗ ಬದಲಿಸಿವೆ ಅಂತ ಅವನಿಗೆ ಆಗ ಹೊಳೆಯಿತು. ನಾನು ಕೇಳಿದ್ದು ಇದಲ್ಲ ಅನ್ನಬಹುದಿತ್ತು. ಅಂಬಿಗ ಹಗ್ಗ ಬಿಚ್ಚುತ್ತಿದ್ದ, ಮುದ್ರಣಾಲಯ ಇನ್ನೊಮ್ಮೆ ಕರೆಯುವುದಿಲ್ಲ. ರೂಶಾನ್ ಅವಳ ಮುಖ ನೋಡಿದ, ಗಂಟು ಕೆಳಗಿಟ್ಟ.

"ನಿಮ್ಮಪ್ಪ ಏನಂದ್ರು?"

"ಕಾಳು ಪುಕ್ಕಟೆ ಅಂದಿದ್ದೇ ತಪ್ಪಾಯ್ತು ಅಂದ್ರು."

ಈಗ ಆ ಗೋಡೆಯೂ ಇಲ್ಲ, ಅಲ್ಲಿ ಮೊಬೈಲ್ ಅಂಗಡಿ ಬಂದಿದೆ. ಮದುವೆಗೆ ಬಂಗಾರದ ಬಣ್ಣದಲ್ಲಿ ಅಚ್ಚಾದ ಪದ್ಯ ಸಾಕು ಅನ್ನುವ ಕಾಲ. ಮಸಿ ಅರೆಯುವ ವಾಸನೆ, ಇದ್ದಿಲ ಒಲೆ, ಪದ್ಯದ ತಲೆ ಹುಡುಕುತ್ತಾ ಗಲಾಟೆ ಮಾಡುತ್ತಿದ್ದ ಗಿರಾಕಿಗಳು, ಎಲ್ಲ ಎಲ್ಲೋ ಹೋದವು. ರೂಶಾನ್ ಮಾತ್ರ ಸೇತುವೆಯ ತುದಿಯಲ್ಲಿ ಮೇಜು ಹಾಕಿಕೊಂಡು ಇನ್ನೂ ಕೂರುತ್ತಾರೆ. ಪಟ ಅದಲುಬದಲಾದ ಕಥೆಯನ್ನು ಹೆಂಡತಿ ಚಿಯಾವ್ಯುನ್‌ಗೆ ಹೇಳಿದ್ದು ಮೊಮ್ಮಗಳು ಹುಟ್ಟಿದ ಮೇಲೆ.

"ಗೋಡೆ ಮೇಲಿದ್ದಿದ್ನ ನಾನು ಓದ್ದೆ. ನಿಮ್ಮ ಹೊಟ್ಟೇಲಿದ್ದಿದ್ನ ಯಾರು ಓದ್ತಾರೆ?" ಅಂದರಂತೆ ಆಕೆ, ತಲೆಯೆತ್ತದೆ ಸೊಪ್ಪು ಬಿಡಿಸುತ್ತಾ.

ಆ ಕಡೆ ಹೋದರೆ ಇಬ್ಬರನ್ನೂ ನೋಡಿ ಬನ್ನಿ. ಮಧ್ಯಾಹ್ನ ಹೋಗಿ, ಬೆಳಗ್ಗೆ ರೂಶಾನ್ ಬರೆಯಲು ಕೂತರೆ ಯಾರೊಂದಿಗೂ ಮಾತಾಡುವುದಿಲ್ಲ.