ನಾವು ಕೇಳದ ಮೊದಲರ್ಧ

ಅದು 2006ರ ಚಳಿಗಾಲ. ನಾವಾಗ ಸಿಯಾಟಲ್ ಹತ್ತಿರದ ರೆಡ್ಮಂಡ್‌ನಲ್ಲಿದ್ದೆವು. ನಮ್ಮ ಯಜಮಾನರ ಎಡಗಿವಿ ಹಿಂದೆಯೇ ಹೋಗಿತ್ತು. ಈಗ ಬಲಗಿವಿಯ ನರದ ಮೇಲೂ ಗಡ್ಡೆ. ಬುಧವಾರ ಆಪರೇಷನ್. "ಜೀವಕ್ಕೇನೂ ಭಯವಿಲ್ಲ, ಆದರೆ ಕಿವಿ ಉಳಿಯುವುದಿಲ್ಲ" ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು.

ಇವರು ಮೈಸೂರಿನಲ್ಲಿ ಮೃದಂಗ ಕಲಿತವರು. ಆ ವಾರವೆಲ್ಲ ಹಳೆಯ ಕಚೇರಿಗಳ ಕ್ಯಾಸೆಟ್ ಹಾಕಿಕೊಂಡು ಕೂರುತ್ತಾರೆ ಅಂದುಕೊಂಡಿದ್ದೆ. ಅವರು ಕೇಳಿದ್ದೇ ಬೇರೆ. "ಆಪೆರಾದಲ್ಲಿ ಮೈಕ್ ಇಲ್ದೇನೇ ಹಾಡ್ತಾರಂತೆ ಕಣೇ. ಅಷ್ಟು ದೊಡ್ಡ ಹಾಲ್‌ನಲ್ಲಿ ಬರೀ ಗಂಟಲು. ಅದೊಂದು ಕೇಳ್ಬೇಕು" ಅಂದರು. ನನಗೆ ಅಳು ಬಂತು, ತೋರಿಸಿಕೊಳ್ಳಲಿಲ್ಲ.

ಭಾನುವಾರ ಮಧ್ಯಾಹ್ನದ ಪ್ರದರ್ಶನವೇ ಕೊನೆಯದು. ಟಿಕೆಟ್ ಎಲ್ಲ ಖಾಲಿ. ಯಾರಾದರೂ ವಾಪಸು ಕೊಟ್ಟ ಸೀಟುಗಳನ್ನು ಅವತ್ತೇ ಕೌಂಟರಿನಲ್ಲಿ ರಿಯಾಯಿತಿಗೆ ಮಾರುತ್ತಾರೆಂದು ಇವರ ಆಫೀಸಿನವರೊಬ್ಬರು ಹೇಳಿದ್ದರು. ಬೆಳಿಗ್ಗೆಯೇ ಹೋಗಿ ಜಿನುಗು ಮಳೆಯಲ್ಲಿ ಸಾಲು ನಿಂತೆವು. ಅರ್ಧ ದರಕ್ಕೆ ಎರಡು ಸಿಕ್ಕವು, ಬಾಲ್ಕನಿಯ ಕಟ್ಟಕಡೆಯ ಸಾಲಿನಲ್ಲಿ. "ಎಕ್ಸಿಬಿಷನ್‌ನಲ್ಲಿ ಅರ್ಧ ರೇಟಿಗೆ ಸೀರೆ ಹೊಡೆದೋಳ ಹಾಗೆ ನಗ್ತಿದೀಯಲ್ಲ" ಎಂದು ಇವರು ನನ್ನನ್ನು ರೇಗಿಸಿದರು.

ಪುಳಿಯೋಗರೆ ಕಟ್ಟಿಕೊಂಡು ಹೋಗಿದ್ದೆ. ಕಾರಿನಲ್ಲಿ ಕೂತು ತಿನ್ನುವಾಗ "ರೀ, ಟೈಮಾಯ್ತು" ಅಂದೆ.

"ಸುಮ್ನಿರೇ. ಮೊದಲು ಸ್ವಾಗತ ಭಾಷಣ, ಆಮೇಲೆ ಶಾಲು, ಹಾರ. ಯಾವ ಕಚೇರಿ ಟೈಮಿಗೆ ಶುರುವಾಗಿದೆ?"

ನನಗೂ ಹೌದೆನ್ನಿಸಿತು. ಮೊಸರನ್ನವನ್ನೂ ಮುಗಿಸಿಯೇ ಎದ್ದೆವು.

ಹೋಗಿ ನೋಡಿದರೆ ಹಾಲಿನ ಬಾಗಿಲು ಮುಚ್ಚಿತ್ತು. ಅಲ್ಲಿ ನಿಂತಿದ್ದ ನರೆಗೂದಲಿನ ಹೆಂಗಸು, "ಶುರುವಾದ ಮೇಲೆ ಯಾರನ್ನೂ ಬಿಡುವಂತಿಲ್ಲ. ಮಧ್ಯಂತರದವರೆಗೆ ಒಳಗೆ ನಡೆಯುವುದನ್ನು ಇಲ್ಲೇ ಟಿವಿಯಲ್ಲಿ ನೋಡಿ" ಅಂದರು. ಇವರು ಟಿವಿಯ ಸ್ಪೀಕರಿಗೆ ಬಲಗಿವಿ ಕೊಟ್ಟು ನಿಂತರು. ಸ್ವಲ್ಪ ಹೊತ್ತಿಗೆ "ಇದೂ ಮೈಕಿಂದೇ ಅಲ್ವಾ" ಎಂದು ಬಂದು ಕೂತುಬಿಟ್ಟರು. ಆ ಮುಖ ನನ್ನಿಂದ ನೋಡಲಾಗಲಿಲ್ಲ. ಆ ಹೆಂಗಸಿನ ಹತ್ತಿರ ಹೋಗಿ ಬುಧವಾರದ ವಿಷಯ ಹೇಳಿದೆ.

ಅವರು ಬಾಗಿಲು ತೆರೆಯಲಿಲ್ಲ. ಆದರೆ ಮಧ್ಯಂತರವಾದ ಕೂಡಲೇ ಬಂದು, "ಮುಂದಿನ ಸಾಲಿನ ಎಡತುದಿಯಲ್ಲಿ ಒಂದೇ ಒಂದು ಸೀಟು ಖಾಲಿ ಇದೆ. ಅಲ್ಲಿ ಕೂತರೆ ಬಲಗಿವಿ ವೇದಿಕೆಯ ಕಡೆಗೇ ಇರುತ್ತದೆ" ಎಂದು ಇವರ ಕೈ ಹಿಡಿದು ಕರೆದುಕೊಂಡು ಹೋದರು. ನಾನು ಬಾಲ್ಕನಿ ಹತ್ತಿದೆ.

ವೇದಿಕೆಯಲ್ಲಿ ಏನು ನಡೆಯಿತೋ ನನಗೆ ಸರಿಯಾಗಿ ನೆನಪಿಲ್ಲ. ಮೇಲಿನಿಂದ ಇವರನ್ನೇ ನೋಡುತ್ತಿದ್ದೆ. ಒಬ್ಬಾಕೆ ಬಹಳ ಹೊತ್ತು ಒಂಟಿಯಾಗಿ ಹಾಡಿದಳು. ತಾಳ ಹಾಕಲೆಂದು ಎದ್ದ ಇವರ ಕೈ ತೊಡೆಗೆ ಬೀಳದೆ ಹಾಗೇ ನಿಂತುಬಿಟ್ಟಿತು.

"ದನಿ ನೇರವಾಗಿ ಮೈಮೇಲೆ ಬಂದು ಬಿತ್ತು ಕಣೇ. ಸಾಕು" ಎಂದರು ಕಾರಿನಲ್ಲಿ.

ಬುಧವಾರದ ನಂತರ ಇವರಿಗೆ ಏನೂ ಕೇಳಿಸಿಲ್ಲ. ನನ್ನ ತುಟಿ ನೋಡಿ ಮಾತು ತಿಳಿದುಕೊಳ್ಳುತ್ತಾರೆ. ಆ ಹೆಂಗಸಿನ ಹೆಸರನ್ನು ಅವತ್ತು ಕೇಳಿಕೊಳ್ಳಲಿಲ್ಲವಲ್ಲ ಎಂದು ಈಗಲೂ ಪೇಚಾಡುತ್ತೇನೆ. ಯಾವ ಸಭಾಂಗಣದಲ್ಲಿ ಬಾಗಿಲು ಕಾಯುವವರನ್ನು ಕಂಡರೂ ಕೈ ಮುಗಿಯೋಣ ಅನ್ನಿಸುತ್ತದೆ. ಒಮ್ಮೊಮ್ಮೆ ಊಟವಾದ ಮೇಲೆ ಇವರು ಕೈ ಎತ್ತಿ ಹಾಗೇ ನಿಲ್ಲಿಸುತ್ತಾರೆ. ಆ ಹಾಡು ಬಂದಿದೆ ಎಂದು ನನಗೆ ತಿಳಿಯುತ್ತದೆ.

ಒಂದು ದಿನ ಅದೇ ಆಪೆರಾದ ಸಿಡಿ ತಂದುಕೊಟ್ಟು, "ಮೊದಲರ್ಧ ನೀನಾದ್ರೂ ಕೇಳೇ. ಹೇಗಿತ್ತು ಅಂತ ನಂಗೆ ಹೇಳು" ಅಂದರು. ಮಾರನೆಯ ದಿನ ಇವರು ವಿಚಾರಿಸಿದಾಗ, ತುಂಬಾ ಚೆನ್ನಾಗಿತ್ತು ಅಂದೆ. ಇವರಿಗಿಲ್ಲದ್ದನ್ನು ಒಬ್ಬಳೇ ಕೂತು ಕೇಳಲು ಮನಸ್ಸು ಬಾರದು. ಸಿಡಿಯ ಮೇಲಿನ ಪ್ಲಾಸ್ಟಿಕ್ ಕವರನ್ನು ನಾನು ಇನ್ನೂ ಬಿಚ್ಚಿಲ್ಲ.