ನೀವು ಕಣ್ಸನ್ನೆ ಮಾಡಲಿಲ್ಲ

ರುದ್ರೇಶಪ್ಪನವರೇ, ನೀವು ನನಗೆ ಕಣ್ಸನ್ನೆ ಮಾಡಲಿಲ್ಲ. ಅದು ನನಗೆ ಆ ಹೊತ್ತಿನಲ್ಲೇ ಗೊತ್ತಿತ್ತು. ನಿಮ್ಮ ಅಣ್ಣ ನನ್ನನ್ನೇ ಕೇಳಿದರು — ನಾನು ಹೇಳಲಿಲ್ಲ.

ತೊಂಬತ್ತರ ದಶಕದ ನಡುವೆ ಎಲ್ಲೋ, ಒಂದು ದೀಪಾವಳಿಯ ಪಾಡ್ಯ. ವರ್ಷ ಯಾವುದೆಂದು ಆಣೆ ಇಟ್ಟು ಹೇಳಲಾರೆ. ಶಿಕಾರಿಪುರದಲ್ಲಿ ಮೆಕ್ಕೆಜೋಳದ ಗೋದಾಮೊಂದರಲ್ಲಿ ಮೂರೆಲೆ ಇಸ್ಪೀಟಿನ ಪಂದ್ಯ. ದುಡ್ಡು ಕಟ್ಟಿದರೆ ಪೊಲೀಸರು ಬರುತ್ತಾರೆಂದು ಪ್ರತಿಯೊಬ್ಬನಿಗೂ ಒಂದೊಂದು ಸೇರು ಹುಣಸೆಬೀಜ ಅಳೆದು ಕೊಟ್ಟಿದ್ದರು. ಬೀಜ ಮುಗಿದವನು ಏಳಬೇಕು. ಕೊನೆಗೆ ಉಳಿದವನಿಗೆ ಒಂದು ಮಿಕ್ಸಿ. ಮಧ್ಯಾಹ್ನದ ಹೊತ್ತಿಗೆ ಉಳಿದದ್ದು ನಾನು ಮತ್ತು ನಿಮ್ಮ ಅಣ್ಣ ಚನ್ನಬಸಪ್ಪನವರು — ಅಲ್ಲ, ಮೂವರು ಎನ್ನಬೇಕು. ಅವರ ಕಣ್ಣಿಗೆ ಪೊರೆ ಬಂದಿತ್ತು. ಎಲೆ ಹಿಡಿಯುವುದು ಅವರು. ಹಿಂದೆ ಕೂತು ಓದಿ, ಕಿವಿಯಲ್ಲಿ ಹೇಳುವುದು ನೀವು. ಆನವಟ್ಟಿಯ ನಿಮ್ಮ ಬಟ್ಟೆ ಅಂಗಡಿಯಲ್ಲೂ ಹಾಗೆಯೇ ಅಲ್ಲವೇ — ಅವರು ಬಟ್ಟೆ ಮುಟ್ಟಿ ಗುಣ ಹೇಳುವುದು, ನೀವು ಬಣ್ಣ ಹೇಳುವುದು.

"ಏನ್ರೀ ಸಾವ್ಕಾರ್ರೆ, ತಮ್ಮನ್ನ ನಮಗೂ ಒಂದಾಟಕ್ಕೆ ಬಾಡಿಗಿಗೆ ಕೊಡ್ರಿ" ಎಂದು ಯಾರೋ ಕೆಣಕಿದರು.

"ಅವ್ನು ನನ್ನ ಕನ್ನಡಕ ಕಣೋ. ಕನ್ನಡಕ ಯಾರಾದ್ರೂ ಬಾಡಿಗಿಗೆ ಕೊಡ್ತಾರೇನೋ?" ಎಂದರು ನಿಮ್ಮ ಅಣ್ಣ. ನೀವೂ ನಕ್ಕಿರಿ.

ಈಗ ಇಸ್ಪೀಟು ಕಟ್ಟಿನ ಮಾತು. ಹೊಸ ಎಲೆಗಳು ಗೋಣಿತಾಟಿನ ಮೇಲೆ ಜಾರುತ್ತವೆಂದು ಹಿರಿಯರು ತಕರಾರು ತೆಗೆದಾಗ ನನ್ನ ಚೀಲದಲ್ಲಿದ್ದ ಹಳೆಯ ಕಟ್ಟನ್ನು ಕೊಟ್ಟವನು ನಾನೇ. ವಿಶ್ವವಿದ್ಯಾಲಯದ ಹಾಸ್ಟೆಲ್ಲಿನಲ್ಲಿ ಎರಡು ವರ್ಷ ಆಡಿ ಸವೆಸಿದ ಕಟ್ಟು. "ಮೇಷ್ಟ್ರ ಕಟ್ಟು, ಅದ್ರಾಗೆ ಮೋಸ ಇರಲ್ಲ ಬಿಡ್ರೋ" ಎಂದರು ಆ ಹಿರಿಯರು. ಮೋಸ ಮಾಡಲೆಂದು ನಾನು ಕೊಡಲಿಲ್ಲ — ಇಷ್ಟನ್ನಾದರೂ ನಂಬಬಹುದೆಂದುಕೊಂಡಿದ್ದೇನೆ. ಆದರೆ ಇಸ್ಪೀಟ್ ಗುರುತಿನ ಎರಡಕ್ಕೆ ಮೂಲೆ ಮುರಿದಿತ್ತು. ಡೈಮನ್ನಿನ ಏಳರ ಬೆನ್ನಿಗೆ ಚಹಾದ ಕಲೆಯಿತ್ತು. ಅದು ಆ ಗೋದಾಮಿನಲ್ಲಿ ಗೊತ್ತಿದ್ದದ್ದು ನನಗೊಬ್ಬನಿಗೆ.

ನಿಮ್ಮ ಅಣ್ಣ ಇದ್ದ ಬೀಜವನ್ನೆಲ್ಲ ಎರಡೂ ಕೈಯಲ್ಲಿ ಮುಂದೆ ತಳ್ಳಿದರು. "ಪೂರಾ ಇಟ್ಟೀನಿ. ಏನ್ ಮಾಡ್ತೀರಿ ಮೇಷ್ಟ್ರೆ?" ನನಗೆ ಇದ್ದದ್ದು ಎರಡು ದಾರಿ — ಅಷ್ಟೇ ಬೀಜ ಇಟ್ಟು ಎಲೆ ತೋರಿಸಿ ಎನ್ನಬೇಕು, ಇಲ್ಲವೆ ಕೈ ಬಿಡಬೇಕು. ನನ್ನ ಕೈಯಲ್ಲಿ ಒಂದು ರಾಜ, ಒಂಬತ್ತು, ನಾಲ್ಕು. ಜೋಡಿಯೂ ಇಲ್ಲದ ಕೈ. ಸಂಖ್ಯಾಶಾಸ್ತ್ರ ಓದಿದವನು ಇರಲಿ, ಯಾರೂ ಅಂಥ ಎಲೆ ಹಿಡಿದು ಕೂರುವುದಿಲ್ಲ. ಬಿಡಬೇಕೆಂದೇ ಇದ್ದೆ. ಆಗ ಅವರ ಬೆರಳ ಸಂದಿಯಲ್ಲಿ ಮುರಿದ ಮೂಲೆ, ಅದರ ಪಕ್ಕದಲ್ಲಿ ಕಲೆ. ಎರಡು, ಏಳು — ಇನ್ನೊಂದು ಎಕ್ಕವಾಗದೆ, ಜೋಡಿಯೂ ಆಗದೆ ಇದ್ದರೆ, ಅದು ಹೆದರಿಸುವ ಆಟ.

"ತೋರಿಸಿ" ಎಂದೆ.

ಎರಡು, ಏಳು, ಒಂದು ರಾಣಿ. ನನ್ನ ರಾಜ ಗೆದ್ದಿತು.

ನನ್ನ ಎಲೆಗಳನ್ನು ನೀವೇ ಅಣ್ಣನಿಗೆ ಓದಿ ಹೇಳಿದಿರಿ. ಅವರು, "ಬರೇ ರಾಜನ್ನ ಇಟ್ಕಂಡು ಯಾವನಾದ್ರೂ ಪೂರಾ ಕಟ್ತಾನೇನೋ? ನನ್ನ ಎಲಿ ಕಂಡೋನು ನೀ ಒಬ್ನೇ ಅಲ್ಲೇನೋ ರುದ್ರಾ?" ಎಂದರು.

ತಮಾಷೆಯೆಂದೇ ತಿಳಿದು ನಕ್ಕಿರಿ. "ಏ ಅಣ್ಣ, ಏನ್ ಮಾತು ಅಂತ ಆಡ್ತೀಯ!"

ಅವರು ನನ್ನ ಕಡೆ ತಿರುಗಿದರು. "ಮೇಷ್ಟ್ರೆ, ನೀವು ಓದ್ದೋರು. ಹೇಳ್ರಿ, ಇವ್ನು ಕಣ್ಣು ಮಾಡಿದ್ನೋ, ಇಲ್ಲೋ?"

ಇಲ್ಲ — ಒಂದೇ ಮಾತು. ಆದರೆ ಅದರ ಹಿಂದೆಯೇ 'ಮತ್ತೆ ಹೆಂಗೆ ಗೊತ್ತಾತು?' ಎಂಬುದು ಬರುತ್ತಿತ್ತು, ಮತ್ತು ಕಟ್ಟು ನನ್ನದು. "ಆಟ ಮುಗೀತಲ್ರೀ, ಬಿಡ್ರಿ ಅತ್ಲಾಗೆ" ಎಂದೆ. ಬಹುಶಃ ಮುಗುಳ್ನಕ್ಕೆ ಕೂಡ. ನಿಮ್ಮ ಅಣ್ಣನಿಗೆ ಅಷ್ಟೇ ಉತ್ತರ ಸಾಕಾಯಿತು.

ಯುಗಾದಿಯ ಹೊತ್ತಿಗೆ ನಿಮ್ಮ ಅಂಗಡಿಯ ನಡುವೆ ಪ್ಲೈವುಡ್ ಗೋಡೆ ಬಂತೆಂದು ಕೇಳಿದೆ. ಜಗಳಕ್ಕೆ ಬೇರೆ ಕಾರಣಗಳೂ ಇದ್ದಿರಬೇಕು ಎಂದು ಎಷ್ಟೋ ವರ್ಷ ಅಂದುಕೊಂಡೆ. ನಿಮ್ಮ ಮಗಳ ಮದುವೆಗೆ ಅಣ್ಣ ಬರಲಿಲ್ಲ. ನಾನು ಬಂದೆ. ಎರಡು ಸಲ ಹೋಳಿಗೆ ಹಾಕಿಸಿಕೊಂಡೆ. ಬಡಿಸಿದವರು ನೀವೇ.

ಮಕ್ಕಳಿಗೆ ನಾನು ಕಲಿಸಿದ್ದೇ ಅನುಮಾನಿಸುವುದನ್ನು. ನೆನಪು ಸಾಕ್ಷಿಯಲ್ಲ ಎಂದು ಹೇಳಿಕೊಟ್ಟವನು. ಆ ಪಾಠವನ್ನು ನನಗೂ ಚೆನ್ನಾಗಿ ಬಳಸಿಕೊಂಡೆ. ಕಲೆಯನ್ನು ನಾನು ನಿಜವಾಗಿ ಮೊದಲೇ ಕಂಡೆನೇ? ಎಲೆ ಮಗುಚಿದ ಮೇಲೆ ಕಂಡದ್ದನ್ನು ಮನಸ್ಸು ಹಿಂದಕ್ಕೆ ಒಯ್ದು ಅಂಟಿಸಿತೇ? ಬರೀ ಹುಂಬತನದಿಂದ 'ತೋರಿಸಿ' ಎಂದಿರಬಹುದಲ್ಲ? ಹೀಗೆ ಕೇಳಿಕೊಂಡಷ್ಟೂ ನನಗೆ ಹಿತವಾಗಿತ್ತು. ಸಂಶಯವಿರುವಾಗ ಹೇಳುವುದಾದರೂ ಏನನ್ನು —

ಆದರೆ ಅಣ್ಣ ಕೇಳಿದ್ದು ಕಲೆಯ ಬಗ್ಗೆ ಅಲ್ಲ. ನಿಮ್ಮ ಬಗ್ಗೆ. ಅದರಲ್ಲಿ ನನಗೆ ಒಂದು ಚೂರೂ ಸಂಶಯ ಇರಲಿಲ್ಲ, ಈಗಲೂ ಇಲ್ಲ. ಆ ಆಟ ಪೂರ್ತಿ ನೀವು ನನ್ನ ಮುಖ ನೋಡಿದವರೇ ಅಲ್ಲ. ನಿಮ್ಮ ದೃಷ್ಟಿಯೆಲ್ಲ ಅವರ ಎಲೆಗಳ ಮೇಲಿತ್ತು.

ಭಾನುವಾರ ಬೆಳಗಿನ ಬಸ್ಸಿಗೆ ಆನವಟ್ಟಿಗೆ ಬರುತ್ತೇನೆ. ಮೊದಲು ಅಣ್ಣನವರಲ್ಲಿಗೆ. ಅಂಗಡಿಯಲ್ಲಿ ಗಿರಾಕಿಗಳಿದ್ದರೆ ಅವರ ಎದುರಿಗೇ ಹೇಳುತ್ತೇನೆ. ನಿಮ್ಮ ಮಾನ ಹೋದದ್ದೂ ನಾಲ್ಕು ಜನರ ಎದುರಿಗೇ. ಅವರು ನಂಬುತ್ತಾರೋ, ಈಗ ನಂಬಿ ಏನಾಗಬೇಕೋ ತಿಳಿಯದು. ಆಮೇಲೆ ನಿಮ್ಮ ಬಾಗಿಲಿಗೆ ಬರುತ್ತೇನೆ. ಊಟದ ಹೊತ್ತಾಗಿದ್ದರೂ, ದಯವಿಟ್ಟು, ಕೂರಿ ಎನ್ನಬೇಡಿ.