ಪೂಜೆಯಾದ ತಕ್ಕಡಿ ಹತ್ತಿದ ಬೆಳಿಗ್ಗೆ

ನಮ್ಮದು ತೂಗಿ ಬದುಕುವ ಮನೆ. ಚನ್ನಗಿರಿಯಲ್ಲಿ ಅಡಿಕೆ ಮಂಡಿ ಇಟ್ಟುಕೊಂಡವರು. ಮಾವನವರ ಕಾಲದಿಂದಲೂ ಬೆಳಗಾದರೆ ಚೀಲ, ಸಂಜೆಯಾದರೆ ಚೀಲ. ಇಂಥ ಮನೆಗೆ ಜಗಳೂರಿನಿಂದ ಸೊಸೆಯಾಗಿ ಬಂದ ನಾನು, ಐವತ್ತು ದಾಟುವ ತನಕ ನನ್ನ ತೂಕವನ್ನು ಆಸ್ಪತ್ರೆಯಲ್ಲಿ ಬಿಟ್ಟರೆ ಬೇರೆಲ್ಲೂ ನೋಡಿಕೊಂಡವಳಲ್ಲ. ಹೋದ ವರ್ಷ ಡಾಕ್ಟರು ಶುಗರ್ ಬಾರ್ಡರಿಗೆ ಬಂದಿದೆ ಎಂದರು. ಬರೀ ತೂಕ ನೋಡಬೇಡಿ, ಕೊಬ್ಬು ಇಳಿಯಬೇಕು, ಮಾಂಸಖಂಡ ಗಟ್ಟಿಯಾಗಬೇಕು, ನಡೆಯಿರಿ, ಭಾರ ಎತ್ತಿ ಎಂದರು. ಅವತ್ತೇ ಬೆಳಗಿನ ಒಂದು ತಾಸನ್ನು ನನಗೆಂದು ಎತ್ತಿಟ್ಟುಕೊಂಡೆ. ಸೂಳೆಕೆರೆ ರಸ್ತೆಯಲ್ಲಿ ನಡಿಗೆ. ಬಂದ ಮೇಲೆ ಮಹಡಿಯಲ್ಲಿ ಮರಳು ತುಂಬಿದ ಎರಡು ಎಣ್ಣೆ ಕ್ಯಾನು ಎತ್ತಿ ಇಳಿಸುವುದು. ಮದುವೆಯಾದಾಗಿನಿಂದ ಆ ಮನೆಯಲ್ಲಿ ನನ್ನದು ಅಂತ ಇದ್ದದ್ದು ಆ ಒಂದು ತಾಸು ಮಾತ್ರ.

ಅದರ ಜೊತೆಗೇ ಒಂದು ಗಾಜಿನ ತೂಕದ ಮಷೀನು ತರಿಸಿ ಬಚ್ಚಲುಮನೆಯ ಬಾಗಿಲ ಪಕ್ಕ ಇಟ್ಟೆ. ಮೇಲೆ ಬೆಳ್ಳಗೆ ಹೊಳೆಯುವ ಲೋಹದ ಪಟ್ಟಿಗಳು. ಬರಿಗಾಲಲ್ಲಿ ನಿಂತರೆ ತೂಕ ಬರುತ್ತದೆ, ಆಮೇಲೆ ಮೈಯಲ್ಲಿ ಕೊಬ್ಬು ಎಷ್ಟು, ನೀರು ಎಷ್ಟು, ಮಾಂಸಖಂಡ ಎಷ್ಟು ಎಂದು ಫೋನಿನಲ್ಲಿ ತೋರಿಸುತ್ತದೆ. ಮೊದಮೊದಲು ಹಗಲೆಲ್ಲ ಹತ್ತಿ ಇಳಿದು ತಲೆ ಕೆಡಿಸಿಕೊಂಡೆ. ಬೆಳಿಗ್ಗೆ ಒಂದು, ಊಟವಾದ ಮೇಲೆ ಇನ್ನೊಂದು, ಸ್ನಾನವಾದ ಮೇಲೆ ಮತ್ತೊಂದು! ಆಮೇಲೆ ಓದಿ ತಿಳಿದುಕೊಂಡೆ. ಅದು ಒಂದು ಅಂಗಾಲಿನಿಂದ ಇನ್ನೊಂದಕ್ಕೆ ನಮಗೆ ಗೊತ್ತೇ ಆಗದಷ್ಟು ಸಣ್ಣ ಕರೆಂಟು ಹರಿಸುತ್ತದೆ. ನೀರಿರುವ ಮಾಂಸಖಂಡ ಅದಕ್ಕೆ ದಾರಿ ಬಿಡುತ್ತದೆ, ಕೊಬ್ಬು ಅಡ್ಡ ನಿಲ್ಲುತ್ತದೆ. ಆ ಅಡ್ಡಿಯನ್ನು ಅಳೆದು, ನಮ್ಮ ಎತ್ತರ, ವಯಸ್ಸು ಸೇರಿಸಿ ಒಂದು ಅಂದಾಜು ಹೇಳುತ್ತದೆ, ಅಷ್ಟೆ. ಕೊಬ್ಬನ್ನೇನು ಕಣ್ಣಾರೆ ಕಾಣುವುದಿಲ್ಲ. ಅಂದಿನಿಂದ ಭಾನುವಾರ ಬೆಳಿಗ್ಗೆ ಮಾತ್ರ, ಖಾಲಿ ಹೊಟ್ಟೆಯಲ್ಲಿ, ಒಂದೇ ರೀತಿಯಲ್ಲಿ ನಿಂತು ನೋಡುತ್ತಿದ್ದೆ. ಕೊಬ್ಬಿನ ಅಂಕಿ ಮೆಲ್ಲಗೆ ಇಳಿಯುತ್ತಿತ್ತು. ತೂಕ ಮಾತ್ರ ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ.

ನಮ್ಮ ಯಜಮಾನರಿಗೆ ಕಂಡದ್ದು ಆ ತೂಕವೊಂದೇ. ಬೆಳಗಿನ ಚಹಾ ತಡವಾಗುತ್ತದೆ ಎಂಬ ಸಿಟ್ಟು ಮೊದಲೇ ಇತ್ತು.

"ವರ್ಷ ಆತು, ಒಂದು ಕೇಜಿ ಇಳಿದಿಲ್ಲ. ಸುಮ್ನೆ ಯಾಕೆ ರಸ್ತೆ ಸವೆಸ್ತೀಯಾ? ಬಿಟ್ಟುಬಿಡು ಅತ್ಲಾಗೆ," ಅಂದರು.

ನನಗೆ ಮೈಯೆಲ್ಲ ಉರಿಯಿತು. "ಹಸಿ ಅಡಿಕೆ ಚೀಲ ಬಂದ್ರೆ ಬರೀ ತೂಕ ನೋಡಿ ಕೊಂಡ್ಕೊಂತೀರೇನ್ರಿ? ಕೈ ಹಾಕಿ ಅಲ್ಲಾಡಿಸಿ, ಒಂದನ್ನ ಕತ್ತರಿಸಿ, ಒಳಗೆ ಹೆಂಗೈತೆ ಅಂತ ನೋಡಲ್ವಾ? ಹೆಂಡ್ತಿ ವಿಷಯಕ್ಕೆ ಮಾತ್ರ ಬರೀ ತೂಕ ಸಾಕಾ?"

ಅವರು ಚಪ್ಪಲಿ ಮೆಟ್ಟಿಕೊಂಡು ಮಂಡಿಗೆ ಹೋದರು. ಆದರೆ ಬಿಡುವವರಲ್ಲ ಎಂದು ನನಗೆ ಗೊತ್ತಿತ್ತು.

ಆಯುಧ ಪೂಜೆ ಬಂತು. ಹೊನ್ನಾಳಿಯಿಂದ ನಾದಿನಿಯೂ ಬಂದಿದ್ದಳು. ಮಂಡಿಯ ತಕ್ಕಡಿ, ಅಡಿಕೆ ಸುಲಿಯುವ ಕತ್ತಿ, ಸ್ಕೂಟರು, ಮಿಕ್ಸಿ ಎಲ್ಲವೂ ಸಾಲಾಗಿ ಕುಳಿತಿದ್ದವು. ನಾನು ಒಳಗೆ ಹೋಳಿಗೆ ಬೇಯಿಸುತ್ತಿದ್ದಾಗ ಅತ್ತೆ ನನ್ನ ಮಷೀನನ್ನೂ ತಂದು ಸಾಲಿಗೆ ಸೇರಿಸಿದ್ದರು. ಇದೂ ತಕ್ಕಡಿಯೇ ತಾನೆ! ಹೊಳೆಯುವ ಪಟ್ಟಿಗಳ ಮೇಲೆ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ, ಮೇಲೊಂದು ಚೆಂಡುಹೂವು. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ಮಂಗಳಾರತಿ ಮುಗಿಯುತ್ತಲೇ ಹೇಳಿದರು:

"ಪೂಜೆ ಆಗೈತೆ. ಇನ್ನು ಇದರ ಮೇಲೆ ಕಾಲಿಡಬ್ಯಾಡವ್ವ."

"ಮಂಡಿ ತಕ್ಕಡಿ ನಾಳೆ ಬನ್ನಿ ಮುಡಿದ ಮೇಲೆ ಕೆಲಸಕ್ಕೆ ಬರಲ್ವಾ ಅತ್ತೆ?"

"ಅದರ ಮೇಲೆ ಚೀಲ ಇಡ್ತಾರೆ. ಕಾಲಲ್ಲ."

ಯಜಮಾನರಿಗೆ ಹೋಳಿಗೆಗಿಂತ ಈ ಮಾತು ಸಿಹಿಯಾಯಿತು. "ಒಳ್ಳೇದೇ ಆತು ಬಿಡು. ತೂಕ ನೋಡೋದೂ ಬ್ಯಾಡ, ನಡೆಯೋದೂ ಬ್ಯಾಡ," ಅಂದರು. "ಹೌದು ಅತ್ತಿಗೆ, ಈ ವಯಸ್ಸಿನಾಗೆ ಯಾರು ನೋಡಾಕೆ ಬರ್ತಾರೆ?" ಎಂದು ನಾದಿನಿ ನಕ್ಕಳು. ಮೂವರೂ ಸೇರಿ ನಗುನಗುತ್ತಲೇ ನನ್ನ ತಾಸನ್ನು ಕಿತ್ತುಕೊಳ್ಳುತ್ತಿದ್ದರು.

ಮಾರನೆಯ ದಿನ ಭಾನುವಾರ. ನಡೆದು ಬಂದು, ಒದ್ದೆ ಬಟ್ಟೆ ಹಿಡಿದು ಪಡಸಾಲೆಗೆ ಬಂದೆ. ಮೂವರೂ ಅಲ್ಲೇ ಕೂತಿದ್ದರು. ಮಷೀನಿನ ಮುಂದೆ ಬಗ್ಗಿದಾಗ ಅತ್ತೆ, "ಮುಟ್ಟಿ ಕಣ್ಣಿಗಾದ್ರೂ ಒತ್ತಿಕೋ, ತಪ್ಪಾತು ಅನ್ನು," ಅಂದರು.

ಒತ್ತಿಕೊಳ್ಳಬಹುದಿತ್ತು. ಪುಸ್ತಕ ಕಾಲಿಗೆ ತಾಗಿದರೆ ಈಗಲೂ ಹಾಗೆ ಮಾಡುತ್ತೇನೆ. ಆದರೆ ಅವತ್ತು ಮಾಡಲಿಲ್ಲ.

"ಇದು ಮಾಡಿರೋದೇ ಕಾಲಿಡಾಕೆ ಅತ್ತೆ. ಈ ಮನೆ ಕೆಲಸನೆಲ್ಲ ಮಾಡಿರೋದು ಇವೇ ಕಾಲು. ಯಾರ ಹತ್ರ ತಪ್ಪಾತು ಅನ್ನಲಿ?"

ಅತ್ತೆ ನನ್ನ ಕಾಲನ್ನೇ ನೋಡಿದರು. ಒಡೆದ ಹಿಮ್ಮಡಿ. ಅವರದೂ ಹಾಗೇ. "ಹೂವನ್ನಾದ್ರೂ ತೆಗಿ ಮತ್ತೆ," ಅಂದರು.

ಹೂವು ತೆಗೆದು ಅವರ ಕೈಗೇ ಕೊಟ್ಟೆ. ಒರೆಸಿ ಹತ್ತಿದೆ. ತೂಕ ಅರ್ಧ ಕೇಜಿ ಮೇಲೆ. ಕೊಬ್ಬು ಹಿಂದಿನ ವಾರಕ್ಕಿಂತ ಜಾಸ್ತಿ! ಯಜಮಾನರು ಫೋನಿಗೆ ಇಣುಕಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಹೋಳಿಗೆಯೋ, ಒಣಗಿದ ಹಿಮ್ಮಡಿಯೋ, ಪಟ್ಟಿಯ ಮೇಲೆ ಉಳಿದ ವಿಭೂತಿಯೋ, ಏನೋ ಒಂದು ಅಂಕಿ ಏರಿಸಿರಬೇಕು. ಮುಂದಿನ ವಾರಗಳಲ್ಲಿ ಆ ಅಂಕಿ ಮತ್ತೆ ಕೆಳಗಿಳಿಯಿತು. ಆದರೆ ಅವತ್ತು ನನಗೆ ಅದು ಗೊತ್ತಿರಲಿಲ್ಲ. ನನ್ನ ಪರವಾಗಿ ಸಾಕ್ಷಿ ಹೇಳುವಂಥದ್ದು ಆ ಮನೆಯಲ್ಲಿ ಏನೂ ಇರಲಿಲ್ಲ.

"ಈಗೇನಂತೀಯಾ?" ಅಂದರು ಯಜಮಾನರು.

"ಏರಲಿ, ಇಳೀಲಿ. ನಾಳೆನೂ ನಡೀತೀನಿ, ನಾಡಿದ್ದೂ ನಡೀತೀನಿ. ಈ ಮಷೀನು ಹೇಳ್ತು ಅಂತ ಶುರು ಮಾಡಿದ್ದಲ್ಲ, ಅದು ಹೇಳ್ತು ಅಂತ ಬಿಡೋದೂ ಇಲ್ಲ."

ಸೋಮವಾರ ಬೆಳಿಗ್ಗೆ ಬೂಟಿನ ದಾರ ಕಟ್ಟುತ್ತಿದ್ದೆ. ಯಜಮಾನರು ಎದ್ದು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತು, "ಚಾ?" ಅಂದರು.

"ಹಾಲು ಫ್ರಿಡ್ಜಿನಾಗೆ ಐತ್ರಿ. ನಾನು ಬರೋದ್ರೊಳಗೆ ನನಗೂ ಒಂದು ಲೋಟ ಇಟ್ಟಿರ್ರಿ," ಎಂದು ಹೇಳಿ ಬಾಗಿಲು ಎಳೆದುಕೊಂಡೆ.